ಕಣದಾಗ ಬಾಯಿ ಬಿಟ್ಟಾಕಿ

ಕೆಲಗೇರಿ ರಸ್ತೆ, ಧಾರವಾಡ
೯ ಜುಲೈ ೨೦೨೪

ಉಮಾ, ನನ್ನ ಕೂಸ,

ಐತ್ವಾರ ನೀ ಫೋನಿನ್ಯಾಗ ಅತ್ತದ್ದು ಇನ್ನೂ ಕಿವಿಯೊಳಗ ಐತಿ. "ದೊಡ್ಡವ್ವ, ನಾ ಬಂದ ಬಿಡತೇನಿ, ನನಗ ಇದು ನೀಗೂದಿಲ್ಲ" ಅಂದಿ. ನಾ ಬಾಯಿ ತೆಗೆಯೂದ್ರಾಗ ಅಲ್ಲಿ ಗಂಟಿ ಬಾರಿಸಿತು, ನೀ ಫೋನ್ ಇಟ್ಟಿ. ಐತ್ವಾರಕ್ಕೊಮ್ಮೆ ಮೊಬೈಲ್ ಕೊಟ್ಟು ಗಂಟಿ ಬಾರಿಸಿ ಕಸಗೊಳ್ಳೂ ಜಾಗಾದಾಗ ಮನಸ್ಸಿನ ಮಾತು ಹ್ಯಾಂಗ ಆದೀತು? ಅದಕ್ಕ ಪತ್ರ ಬರಿಯಾಕ ಕುಂತೇನಿ. ಖಾನಾವಳಿಯಾಗ ಮಧ್ಯಾಹ್ನದ ಪಂಕ್ತಿ ಎದ್ದೈತಿ, ಫಕೀರವ್ವ ಒಳಗ ಪಾತ್ರೆ ತಿಕ್ಕಾಕತ್ತಾಳ. ಅಕ್ಷರ ಸೊಟ್ಟ ಬಂದಿದ್ದರ ನಗಬ್ಯಾಡ. ನಾ ಸಾಲಿ ಕಂಡಾಕಿ ಅಲ್ಲ. ನಿಮ್ಮವ್ವ ದಾಕ್ಷಾಯಿಣಿ ಸಣ್ಣಾಕಿದ್ದಾಗ ಪಾಟಿ ಮ್ಯಾಲ ತಿದ್ದೂವಾಗ ಪಕ್ಕದಾಗ ಕುಂತು ಕಲ್ತಾಕಿ.

ನೀ ಆ ಪಂಜಾಬಕ್ಕ ಯಾತಕ್ಕ ಹೋದಿ ಅನ್ನೂದು ಅಳೂವಾಗ ಮರ್ತಿರಬೇಕು, ನಾ ನೆನಪು ಮಾಡತೇನಿ. ಹೆಬ್ಬಳ್ಳಿ ಗರಡಿಯೊಳಗ ಹುಡುಗಿಯರಿಗೆ ಕುಸ್ತಿ ಕಲಸಾಕ ಶುರು ಮಾಡಿದಾಂವ ವಸ್ತಾದ ಕಮರುದ್ದೀನ. ಅವನ ಕೈಯಾಗ ಮೊದಲು ಪಳಗಿದಾಕಿ ನೀ. ಈಗ ಅವನ ಕಣ್ಣು ಮಂಜಾಗ್ಯಾವ. ಊರ ಹಿರೇರು ಕೂಡಿದಾಗ ಗರಡಿ ನೋಡಿಕೊಳ್ಳೂ ಶಿವಯೋಗೀಶ ಎಲ್ಲಾರ ಮುಂದ ಹೇಳ್ಯಾನ: ಸರ್ಟಿಫಿಕೇಟ್ ಇದ್ದ ತರಬೇತುಗಾರ್ತಿ ಬಂದರ ಹುಡುಗಿಯರ ಕುಸ್ತಿ ನಡೀಲಿ, ಇಲ್ಲಾಂದರ ಬರೂ ಯುಗಾದಿಯಿಂದ ಗರಡಿ ಮೊದಲಿನಂಗ ಗಂಡಮಕ್ಕಳಿಗಷ್ಟ. ಆ ಸರ್ಟಿಫಿಕೇಟ್ ತರತೇನಿ ಅಂತ ಹೋದಾಕಿ ನೀನು. ಮುಂದಿನ ಮಾರ್ಚಿನ್ಯಾಗ ಪರೀಕ್ಷಾ ಮಾಡೂವ್ರ ಮುಂದ ನಿಂತು ಒಂದು ಪಟ್ಟು ಇಂಗ್ಲಿಷಿನ್ಯಾಗ ಕಲಿಸಿ ತೋರಸಬೇಕು. ಇಷ್ಟ ಇರೂದು. ನೀ ಬಂದ ಬಿಟ್ಟರ ನಿನ್ನ ಹಿಂದಿನ ಆ ಸಣ್ಣ ಹುಡುಗಿಯರು ಮನಿಗೆ ಹೋಗತಾರ, ಮತ್ತೇನಿಲ್ಲ.

ಈಗ ಇಂಗ್ಲಿಷಿನ ಮಾತು. ದಿನಾ ಡಿಕ್ಷನರಿ ಹಿಡದು ಶಬ್ದ ಬಾಯಿಪಾಠ ಮಾಡತೇನಿ, ಮರುದಿವಸ ಒಂದೂ ಉಳಿಯೂದಿಲ್ಲ ಅಂದಿ. ಉಳಿಯೂದಿಲ್ಲ ಬಿಡು. ನಾನೂ ಅದನ್ನ ಮಾಡಿ ನೋಡೇನಿ. ಖಾನಾವಳಿ ತೆರೆದ ಹೊಸತರಾಗ, ಯುನಿವರ್ಸಿಟಿಗೆ ಕಲಿಯಾಕ ಬಂದ ಕೇರಳದವರು, ನಾಗಾಲ್ಯಾಂಡದವರು ಊಟಕ್ಕ ಬರತಿದ್ದರು. ಅವರಿಗೆ ಕನ್ನಡ ಇಲ್ಲ, ನನಗ ಇಂಗ್ಲಿಷ್ ಇಲ್ಲ. ಪ್ಯಾಟ್ಯಾಗಿಂದ ಚಿತ್ರ ಇದ್ದ ಪುಸ್ತಕ ತಂದು ಕಲ್ತೆ. ಲಯನ್ ಅಂದರ ಸಿಂಹ, ಅಂಬ್ರೆಲಾ ಅಂದರ ಛತ್ರಿ. ಎಲ್ಲಾ ಬಾಯಾಗ ಬಂತು. ಆದರ ಊಟಕ್ಕ ಕುಂತವರು ಯಾರೂ ನನಗ ಸಿಂಹಾನೂ ಕೇಳಲಿಲ್ಲ, ಛತ್ರೀನೂ ಕೇಳಲಿಲ್ಲ.

ಪುಸ್ತಕ ಒಲಿ ಮ್ಯಾಲಿನ ಮಾಡದಾಗ ಇಟ್ಟೆ. ಕಿವಿ ತೆರೆದೆ. ಬದನಿಕಾಯಿ ಪಲ್ಯ ಹಿಡಕೊಂಡು ಹ್ವಾದಾಗ ತಾಟಿನ ಮ್ಯಾಲ ಕೈ ಅಡ್ಡ ಮಾಡಿ ಒಬ್ಬಾಕಿ ಒಂದು ಮಾತು ಅಂತಿದ್ದಳು, "ಜಸ್ಟ್ ಅ ಲಿಟ್ಲ್" ಅಂತ. ಅದರಾಗ ಎಷ್ಟು ಶಬ್ದ ಅದಾವ ಅಂತ ನನಗ ಗೊತ್ತಿರಲಿಲ್ಲ, ಈಗೂ ಅದನ್ನ ಒಡದು ನೋಡಿಲ್ಲ. ಆ ಕೈ, ಆ ರಾಗ, ಆ ಮಾತು ಮೂರೂ ಕೂಡೇ ಹಿಡದೆ. ಮರುದಿವಸ ಆಕಿ ಬಾಯಿ ಬಿಡೂದ್ರಾಗ ನಾನ ಕೇಳಿದೆ, "ಜಸ್ಟ್ ಅ ಲಿಟ್ಲ್?" ಆಕಿ ಮಾರಿ ನೋಡಬೇಕಿತ್ತು ನೀ. ಅವತ್ತಿನಿಂದ ಮಾತು ಒಂದೊಂದ ತುತ್ತಿನಂಗ ಕೂಡಿದವು.

ನೀನೂ ಹಂಗ ಮಾಡು. ಕುಸ್ತಿ ಮನಿಯೊಳಗ ನಿಮ್ಮ ಮೇಡಂ ಏನೋ ಅಂತಾರ, ಹುಡುಗಿಯರು ಏನೋ ಮಾಡತಾರ. ಅಂದದ್ದು, ಮಾಡಿದ್ದು ಎರಡನ್ನೂ ಕೂಡೇ ಹಿಡಿ. ಅರ್ಥ ಕೇಳಾಕ ಹೋಗಬ್ಯಾಡ, ಕಣ್ಣಿಗೆ ಕಾಣತಿರತೈತಿ. ಜಳಕ ಮಾಡೂವಾಗ ಅದ ರಾಗದಾಗ ಅಂದ ನೋಡು. ಜಳಕದ ಮನಿಯಾಗ ಯಾರೂ ನಗೂದಿಲ್ಲ.

ಫಕೀರವ್ವ ಕೇಳಾಕತ್ತಾಳ, ಪೈಲವಾನಳಿಗೆ ಇಂಗ್ಲಿಷ್ ಯಾತಕ್ಕ, ಎತ್ತಿ ಒಗದರ ಸಾಕಲ್ಲ ಅಂತ.

ಉಣ್ಣು. ಅತ್ತರೂ ಉಂಡು ಅಳು.

ನಿನ್ನ ದೊಡ್ಡವ್ವ
ಸಂಗವ್ವ

*

೧೮ ಆಗಸ್ಟ್ ೨೦೨೪

ದೊಡ್ಡವ್ವ,

ಇಡೀ ಹಾಸ್ಟೆಲಿನ್ಯಾಗ ಪತ್ರ ಬಂದಾಕಿ ನಾ ಒಬ್ಬಾಕಿ. ಎಲ್ಲಾರೂ ಸುತ್ತ ಕುಂತು ಕನ್ನಡ ಅಕ್ಷರ ನೋಡಿದರು. ಜಿಲೇಬಿ ಇದ್ದಂಗ ಅದಾವ ಅಂದಳು ಹರಿಯಾಣದಾಕಿ. ಓದಿ ಹೇಳು ಅಂದರು, ಸಿಂಹ ಛತ್ರಿ ಹೇಳಿದೆ. ಎಲ್ಲಾ ನಕ್ಕರು. ಆಮ್ಯಾಲ ನನಗ ತಿಳೀತು, ನಾ ಅದನ್ನ ಇಂಗ್ಲಿಷಿನ್ಯಾಗ ಹೇಳಿದ್ದೆ.

ನೀ ಹೇಳಿದಂಗ ಮಾಡಾಕತ್ತೇನಿ. ರಜನಿ ಮೇಡಂ "ಸ್ಟೇ ಲೋ" ಅಂದ ಕೂಡಲೇ ಎಲ್ಲಾರ ಮೊಣಕಾಲು ಬಗ್ಗತಾವ. "ಹೆಡ್ ಅಪ್" ಅಂದರ ಗದ್ದ ಏಳತಾವ. "ಡೋಂಟ್ ಕ್ರಾಸ್ ಯುವರ್ ಫೀಟ್" ಅಂತ ನನಗ ಭಾಳ ಸಲ ಅಂತಾರ. ಈಗ ಅವರು ಅಂದದ್ದು ಮುಕ್ಕಾಲು ಪಾಲು ತಿಳೀತೈತಿ. ನನ್ನ ಖೋಲಿಯ ಮಣಿಪುರದಾಕಿ ಜೋಡಿ ಮಾತೂ ಆಡತೇನಿ. ಆಕಿ ಇಂಗ್ಲಿಷೂ ನನ್ನದರಂಗ ಹರಕ, ಆದರ ಆಕಿ ಹರಕ ಅಂತ ನಿಲ್ಲೂದಿಲ್ಲ. ಬಕೀಟು ಯಾರದು, ಇವತ್ತು ಅನ್ನ ಐತೋ ಚಪಾತಿನೋ, ಎಲ್ಲಾ ಆಗತೈತಿ. ಒಂದ ಸಲ "ಯೆಸ್ ರಿ" ಅಂದೆ. ರಿ ಅಂದರೇನು ಅಂತ ಕೇಳಿದಳು. ಮರ್ಯಾದಿ ಅಂದೆ. ಈಗ ಆಕೀನೂ ನನಗ "ಗುಡ್ ಮಾರ್ನಿಂಗ್ ರಿ" ಅಂತಾಳ.

ಆದರ ಮ್ಯಾಟಿನ ಮ್ಯಾಲ ಕಾಲಿಟ್ಟರ ಬಾಯಿ ಕಟ್ಟಿ ಹೋಗತೈತಿ, ದೊಡ್ಡವ್ವ. ಹ್ವಾದ ವಾರ ಮೇಡಂ ನನ್ನ ಮುಂದ ಕರದು ಢಾಕ್ ಪಟ್ಟು ಹ್ಯಾಂಗ ಹಾಕತಿ, ಎಲ್ಲಾರಿಗೂ ಹೇಳು ಅಂದರು. ನಾ ಎದುರಿದ್ದಾಕಿನ ಸೊಂಟದ ಮ್ಯಾಲ ಹೇರಿಕೊಂಡು ಒಗದೆ. ಹುಡುಗಿಯರು ಚಪ್ಪಾಳೆ ತಟ್ಟಿದರು. ಮೇಡಂ ತಟ್ಟಲಿಲ್ಲ. "ಮಾಡಿದಿ. ನಾ ಹೇಳು ಅಂದೆ" ಅಂದರು. ನಾ ನಿಂತೆ. ಇನ್ನೊಮ್ಮೆ ಕೇಳಿದರು. ಮತ್ತೊಬ್ಬಾಕಿನ ಹಿಡದು ಒಗದೆ. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ನನಗ ತಿಳಿಯೂದಿಲ್ಲ ಅಂತ ಅವರು ತಿಳಕೊಂಡಾರ. ಪರೀಕ್ಷಾಕ್ಕ ಯಾರು ಕುಂಡ್ರಬೇಕು, ಯಾರು ಬ್ಯಾಡ ಅನ್ನೂದು ಡಿಸೆಂಬರಿನ್ಯಾಗ ಹೇಳತಾರಂತ. ಖೋಲಿಯಾಗ ಬರೂ ಮಾತು ಮ್ಯಾಟಿನ ಮ್ಯಾಲ ಯಾಕ ಬರೂದಿಲ್ಲ ಅಂತ ನನಗೂ ಗೊತ್ತಿಲ್ಲ. ಅಲ್ಲಿ ನಿಂತು ತುಟಿ ಬಿಚ್ಚಿದರ ಏನೋ ತಪ್ಪು ಮಾಡಿದಂಗ ಆಗತೈತಿ. ವಸ್ತಾದರು ಎಲ್ಲೋ ಕುಂತು ನೋಡಾಕತ್ತಾರ ಅನಸತೈತಿ.

ಅವ್ವಗ ಇದನ್ನ ಹೇಳಬ್ಯಾಡ.

ನಿನ್ನ ಉಮಾ

*

ಧಾರವಾಡ
೧೬ ಸೆಪ್ಟೆಂಬರ್ ೨೦೨೪

ಉಮಾ,

ನಿನ್ನ ಪತ್ರಕ್ಕ ಲಗೂ ಉತ್ತರ ಬರೀಲಿಲ್ಲ ಅಂತ ಸಿಟ್ಟಾಗಬ್ಯಾಡ. ಉತ್ತರ ನನ್ನ ಹಂತ್ಯಾಕ ಇರಲಿಲ್ಲ. ಕಿವಿ ಕಲ್ತೈತಿ, ಬಾಯಿ ಖೋಲಿಯಾಗ ಕಲ್ತೈತಿ, ಮತ್ತ ಮ್ಯಾಟಿನ ಮ್ಯಾಲ ಏನಾತು? ಪಲ್ಯಕ್ಕ ಒಗ್ಗರಣಿ ಹಾಕತಾ ಅದನ್ನ ವಿಚಾರ ಮಾಡಿ ಎರಡು ಸಲ ಸಾಸಿವಿ ಹೊತ್ತಿಸೇನಿ.

ಚೌತಿ ಮುಗಿಸಿ ಹೆಬ್ಬಳ್ಳಿಗೆ ಹೋದೆ. ನಿಮ್ಮವ್ವ ಛಲೋ ಅದಾಳ, ನಾ ಏನೂ ಹೇಳಿಲ್ಲ. ಆಕಿನೂ ಏನೂ ಕೇಳಲಿಲ್ಲ, ಬರೇ ನಾ ಹೊಂಡೂವಾಗ ನಿನಗಂತ ಶೇಂಗಾ ಹಿಂಡಿ ಕಟ್ಟಿ ಕೊಟ್ಟಳು, ಪಾರ್ಸೆಲ್ ಮಾಡೇನಿ. ಮುಂಜಾನೆ ಎದ್ದು ಗರಡಿಗೆ ಹೋಗತೇನಿ ಅಂದರ "ನೀ ಯಾಕ, ಅಕ್ಕ?" ಅಂದಳು. ನನ್ನ ಮಗಳು ಎಲ್ಲಿ ಬೆಳದಾಳ ನೋಡಬೇಕು ಅಂದೆ.

ಈ ವಯಸ್ಸಿಗೆ ಮೊದಲನೇ ಸಲ ಗರಡಿ ಹೊಸ್ತಿಲ ದಾಟಿದೆ. ಮಜ್ಜಿಗಿ, ಅರಿಷಿಣ, ಎಣ್ಣಿ ಕೂಡಿದ ಆ ಮಣ್ಣಿನ ವಾಸನಿ ನಿನ್ನ ಕೂದಲಾಗ ಸಣ್ಣಂದಿನಿಂದ ಬರತಿತ್ತಲ್ಲ, ಅದು ಇಲ್ಲಿಂದು ಅಂತ ತಿಳೀತು. ಹುಡುಗಿಯರು ಜೋಡಿ ಜೋಡಿ ಹಿಡಿದಿದ್ದರು. ವಸ್ತಾದ ಅಂಚಿಗೆ ಕುಂತಿದ್ದ, ಕೈಯಾಗ ಒಂದು ಬೇವಿನ ಕಡ್ಡಿ. ಒಬ್ಬಾಕಿ ಮೊಣಕೈ ಮ್ಯಾಲ ಬಂದರ ಅದನ್ನ ಕಡ್ಡಿಲೆ ಮುಟ್ಟಿದ, ಅದು ಇಳೀತು. ಇನ್ನೊಬ್ಬಾಕಿ ಹಿಂಗಾಲು ಮುಟ್ಟಿದ, ಅದು ಸರೀತು. ಎಂಥಾ ಕಲಸೂದು ಅದು, ಉಮಾ! ಕಣ್ಣು ಮಂಜಾದ ಮನಷ್ಯಾ ಉಸಿರಿನ ಸಪ್ಪಳದ ಮ್ಯಾಲ ಯಾರ ತೂಕ ಎಲ್ಲಿ ಐತಿ ಹೇಳತಾನ. ಹೇಳತಾನ ಅಂದೆ, ಹೇಳೂದಿಲ್ಲ. ಬರೇ ಮುಟ್ಟತಾನ. ಅಷ್ಟೂ ಹೊತ್ತು ಆ ಮನಿಯಾಗ ಒಂದು ಮಾತು ಹುಟ್ಟಲಿಲ್ಲ. ನಾ ಒಂದು ಹುಡುಗಿಗೆ ನಿನ್ನ ಹೆಸರೇನವ್ವ ಅಂತ ಕೇಳಿದೆ. ಆಕಿ ವಸ್ತಾದನ ಕಡೆ ನೋಡಿ ತಲಿ ಬಗ್ಗಿಸಿದಳು, ಹೆಸರು ಸೈತ ಹೇಳಲಿಲ್ಲ.

ಎಲ್ಲಾ ಮುಗದ ಮ್ಯಾಲ ಹೊರಗ ಬಂದು ಕೇಳಿದೆ, ಇಲ್ಲಿ ಯಾರೂ ಮಾತಾಡೂದಿಲ್ಲೇನ್ರಿ ವಸ್ತಾದರ ಅಂತ.

"ಮಣ್ಣಿಗೆ ಇಳದ ಮ್ಯಾಲ ಏನ ಮಾತ್ರಿ, ಅಕ್ಕಾರ? ನಮ್ಮ ವಸ್ತಾದರ ಮುಂದ ನಾ ತುಟಿ ಬಿಚ್ಚಿದವನಲ್ಲ. ಇವರು ನನ್ನ ಮುಂದ ಬಿಚ್ಚಿದವರಲ್ಲ."

ಹಂಗಾರ ಢಾಕ್ ಅಂದರ ಹ್ಯಾಂಗ ಹೇಳಿಕೊಡತೀರಿ ಅಂದೆ. ಅದು ಹೇಳೂ ಮಾತಲ್ರಿ ಅಂದ. ಎದ್ದು ನಿಂತು ಆ ವಯಸ್ಸಿನ್ಯಾಗ ಸೊಂಟ ಒಂದ ಸಲ ತಿರುವಿದ. ನನಗ ತಿಳೀಲಿಲ್ಲ, ಆದರ ಏನೋ ಚೆಂದ ಆತು ಅಂತ ತಿಳೀತು.

ಬಸ್ಸಿನ್ಯಾಗ ಕುಂತ ಮ್ಯಾಲ ಹೊಳೀತು. ನಿನಗ ಇಂಗ್ಲಿಷ್ ಬರೂದಿಲ್ಲ ಅಂತ ಯಾರಂದರು, ಕೂಸ? ನಿನಗ ಢಾಕ್ ಕನ್ನಡದಾಗೂ ಬರೂದಿಲ್ಲ. ನಿನ್ನ ಮೈಗೆ ಬರತೈತಿ, ಬಾಯಿಗೆ ಬರೂದಿಲ್ಲ. ಯಾವ ಬಾಯಿಗೂ ಯಾರೂ ಕೊಟ್ಟಿಲ್ಲ. ಕನ್ನಡದಾಗ ಇಲ್ಲದ್ದನ್ನ ನೀ ಇಂಗ್ಲಿಷಿನ್ಯಾಗ ಹುಡುಕಾಕತ್ತಿ, ಸಿಗದಿದ್ದಾಗ ನಾ ದಡ್ಡಿ ಅಂತ ಅಳಾಕತ್ತಿ.

ಅದಕ್ಕ ಇಂಗ್ಲಿಷ್ ಈಗ ಬದಿಗಿಡು. ಢಾಕ್ ಹ್ಯಾಂಗ ಹಾಕೂದು ಅಂತ ನನಗ ಕನ್ನಡದಾಗ ಬರದು ಕಳಸು. ನಾ ದಪ್ಪನ್ನ ಮುದುಕಿ, ಮಣ್ಣಿಗೆ ಇಳದಾಕಿ ಅಲ್ಲ. ನೀ ಬರದದ್ದನ್ನ ಓದಿ ನಾ ಢಾಕ್ ಹಾಕಬೇಕು, ಹಂಗ ಬರಿ. ಎದುರಾಳಿ ಆಗಾಕ ಫಕೀರವ್ವ ಒಪ್ಯಾಳ. ಖರೇ ಹೇಳಬೇಕಂದರ ಆಕಿಗೆ ಇನ್ನೂ ಗೊತ್ತಿಲ್ಲ.

ದೊಡ್ಡವ್ವ ಸಂಗವ್ವ

*

ಧಾರವಾಡ
೨೦ ಅಕ್ಟೋಬರ್ ೨೦೨೪

ಉಮಾ,

ನಿನ್ನ ಢಾಕ್ ಬಂದು ಮುಟ್ಟಿತು. ಮೊದಲ ಹೇಳಿಬಿಡತೇನಿ, ನಾನೂ ಫಕೀರವ್ವನೂ ಇಬ್ಬರೂ ಜೀವಂತ ಅದೇವಿ.

ಮಧ್ಯಾಹ್ನ ಊಟದವರು ಹ್ವಾದ ಮ್ಯಾಲ ಬಾಗಲಾ ಮುಂದ ಮಾಡಿ, ಟೇಬಲ್ ಸರಿಸಿ, ಇದ್ದ ಕೌದಿ ಎಲ್ಲಾ ಹಾಸಿದೆ. ನಿನ್ನ ಕಾಗದ ತಿಜೋರಿ ಕನ್ನಡಿಗೆ ಅಂಟಿಸಿದೆ, ಓದತಾ ಮಾಡಾಕ. "ಎದುರಾಳಿ ಕೊರಳಿಗೆ ಕೈ ಹಾಕು" ಅಂತ ಬರದಿ. ಯಾವ ಕೈ? ನಾ ಬಲಗೈ ಹಾಕಿದೆ, ಫಕೀರವ್ವ ಸುಮ್ಮನ ಯಾಕಿರಬೇಕಂತ ಆಕಿನೂ ಹಾಕಿದಳು. ಮದವಿ ಮನಿಯಾಗ ಭಾಳ ದಿನಕ್ಕ ಭೆಟ್ಟಿಯಾದವರಂಗ ನಿಂತಿವಿ. ಮುಂದ "ತಿರುಗು" ಅಂತ ಬರದಿ. ತಿರುಗಿದೆ. ಫಕೀರವ್ವ ನನ್ನ ಬೆನ್ನಿಗೆ ಜೋತುಬಿದ್ದು, "ಸಂಗಕ್ಕ, ಈಗ ನಾ ನಿನ್ನ ಕೂಸು ಅದೇನೇನು?" ಅಂದಳು. "ಸೊಂಟ ಕೊಡು" ಅಂತಿತ್ತು ಆಮ್ಯಾಲ. ಕೊಟ್ಟೆ. ಆಕಿ ತಗೊಳ್ಳಲಿಲ್ಲ. ಇಬ್ಬರೂ ಕೂಡೇ ಜ್ವಾಳದ ಚೀಲದ ಮ್ಯಾಲ ಬಿದ್ದಿವಿ. ಅದ ಹೊತ್ತಿಗೆ ತಡಾ ಮಾಡಿ ಊಟಕ್ಕ ಬರೂ ವಿಜಯೀಂದ್ರ, ಅದ ಲಾ ಕಲಿಯೂ ಹುಡುಗ, ಬಾಗಲಾ ದೂಡಿ ನಿಂತ. "ಅಕ್ಕಾರ, ಊಟ ಐತೋ, ಜಗಳ ಮುಗದ ಮ್ಯಾಲ ಬರಲ್ಯೋ?" ಅಂದ. ಅವಗ ರೊಟ್ಟಿ ಹಾಕಿ ಕೊಡೂವರೆಗೂ ಫಕೀರವ್ವ ನಗೂದು ನಿಲ್ಲಿಸಲಿಲ್ಲ.

ನಕ್ಕದ್ದು ಖರೇ, ಆದರ ಈಗ ಕೇಳು. ನೀ ಬರದದ್ದು ಪಟ್ಟು ಗೊತ್ತಿದ್ದವರಿಗೆ ಬರದಂಗ ಐತಿ. ನನಗ ಯಾವ ಕೈ ಹೇಳಬೇಕು, ಯಾವ ಕಾಲು ಹೇಳಬೇಕು, ಯಾವಾಗ ಅಂತ ಹೇಳಬೇಕು. ಎದುರಾಳಿ ಸುಮ್ಮನಿದ್ದರ ಏನು, ದೂಡಿದರ ಏನು. ಮತ್ತ ಬರಿ.

ಆದರ ಒಂದು ಸಾಲು ಬಿಟ್ಟು. ಕಡೀಕ ನೀ ಬರದಿಯಲ್ಲ, "ಆಕಿ ದೂಡಿದರ ಹೆದರಬ್ಯಾಡ. ಆಕಿ ದೂಡೂದ ನಿನಗ ಬೇಕಾದದ್ದು. ಆಕಿ ಜೋರು ನಿನ್ನ ಜೋರು ಮಾಡಿಕೋ." ಅದನ್ನ ಓದಿ ನಾ ಕೌದಿ ಮಡಚೂದು ಬಿಟ್ಟು ಕುಂತೆ. ಇಷ್ಟು ವರ್ಷ ಸೂಟಿಗೆ ಖಾನಾವಳಿಗೆ ಬಂದಾಗೆಲ್ಲಾ ನೀ ತಾಟು ಎತ್ತತಾ, ನೀರು ತುಂಬತಾ ನನ್ನ ಕಣ್ಣ ಮುಂದ ಓಡ್ಯಾಡಿದಿ. ನಿನ್ನೊಳಗ ಇಂಥಾ ತಿಳುವಳಿಕಿ ಮಾತಿಲ್ಲದ ಕುಂತಿತ್ತು ಅಂತ ನನಗ ಅಂದಾಜಿರಲಿಲ್ಲ. ನಿಮ್ಮ ಮೇಡಂಗೂ ಇರಲಿಕ್ಕಿಲ್ಲ. ಈ ಒಂದು ಸಾಲು ಅವರಿಗೆ ಕೇಳಿಸಿದರ ಸಾಕು.

ಎರಡನೇ ಸಲ ಬರದಾದ ಮ್ಯಾಲ ಇಂಗ್ಲಿಷಿಗೆ ಹೋಗು. ಕನ್ನಡ ಇಟ್ಟು ಅದರ ಮ್ಯಾಲ ಇಂಗ್ಲಿಷ್ ಗೀಚಬ್ಯಾಡ, ಹೊಲಿಗಿ ಕಾಣತೈತಿ. ಮೇಡಂ ಬಾಯಿಂದ ಹಿಡದಿಟ್ಟ ಮಾತು ಇದ್ದಾವಲ್ಲ, ಸ್ಟೇ ಲೋ, ಹೆಡ್ ಅಪ್, ಅವನ್ನ ಜೋಡಿಸು. ಕಡಿಮಿ ಬಿದ್ದಲ್ಲಿ ಮಣಿಪುರದಾಕಿನ ಕೇಳು. ಆಕಿನ್ನ ನಿನ್ನ ಫಕೀರವ್ವ ಮಾಡಿಕೋ.

ಇನ್ನ, ವಸ್ತಾದರು ನೋಡಾಕತ್ತಾರ ಅನಸತೈತಿ ಅಂದಿಯಲ್ಲ. ಅದಕ್ಕ ನನ್ನ ಹಂತ್ಯಾಕ ಔಷಧ ಇಲ್ಲ. ಅದು ಅವರ ಹಂತ್ಯಾಕ ಐತಿ. ಹೋಗಿ ಕೇಳತೇನಿ.

ದೊಡ್ಡವ್ವ

*

ಧಾರವಾಡ
೨೪ ನವೆಂಬರ್ ೨೦೨೪

ಉಮಾ,

ನೀ ಎರಡನೇ ಸಲ ಬರದದ್ದರಿಂದ ಫಕೀರವ್ವ ಕೌದಿ ಮ್ಯಾಲ ಚಿತ್ ಬಿದ್ದಳು. ನಾ ಒಗದೆ! ಆಕಿ ಮಾರಿಯೊಳಗಿನ ಆಶ್ಚರ್ಯ ನಾ ಸಾಯೂತನಕ ಮರಿಯೂದಿಲ್ಲ. ಎದ್ದು ಕುಂತು, "ಈಗ ನನಗ ಓದಿ ಹೇಳು, ನಾ ನಿನ್ನ ಒಗೀತೇನಿ" ಅಂದಳು. ಇವತ್ತು ಬ್ಯಾಡ ಅಂತ ಹೇಳೇನಿ.

ಆ ಕಾಗದ ತಗೊಂಡ ಹೆಬ್ಬಳ್ಳಿಗೆ ಹೋದೆ. ವಸ್ತಾದ ಮನಿ ಕಟ್ಟಿ ಮ್ಯಾಲ ಬಿಸಲಿಗೆ ಕುಂತಿದ್ದ. ನೀ ಮ್ಯಾಟಿನ ಮ್ಯಾಲ ಬಾಯಿ ಬಿಡಲಾರದ ಸಂಕಟ ಎಲ್ಲಾ ಹೇಳಿದೆ, ಹಿಂಗ ಇದ್ದರ ಡಿಸೆಂಬರಿನ್ಯಾಗ ಪರೀಕ್ಷಾದ ಪಟ್ಟಿಗೆ ಹೆಸರು ಬರೂದಿಲ್ಲ ಅನ್ನೂದೂ ಹೇಳಿದೆ. ಕಣದಾಗ ತುಟಿ ಬಿಚ್ಚಬಾರದು ಅನ್ನೂದು ಅಂವ ಜೀವನ ಎಲ್ಲಾ ಹಿಡಕೊಂಡು ಬಂದ ಕಟ್ಟು, ಅದನ್ನ ಬಿಡು ಅಂತ ಕೇಳಾಕ ಹೋದ ನನಗ ಅವನ ಮುಂದ ಕುಂಡ್ರಾಕ ಸಂಕೋಚ ಆತು. ಎದ್ದು ಬರಲೇ ಅಂತ ವಿಚಾರ ಮಾಡೂವಾಗ ಕೇಳಿದ, ಆಕಿ ಏನ ಬರದಾಳ, ಓದ್ರಿ.

ಓದಿದೆ. ಕಣ್ಣು ಮುಚ್ಚಿ ಕೇಳಿದ. ಮೊದಲ ಕೈ, ಆಮ್ಯಾಲ ಕಾಲು, ಆಮ್ಯಾಲ ತಿರುವು. ನಾ ಓದಿದಂಗ ಅವನ ಬಲ ಭುಜ ಅಂಗಿಯೊಳಗ ಹಂಗ ಹಂಗ ಹೊಳ್ಳತಿತ್ತು. ಆಕಿ ಜೋರು ನಿನ್ನ ಜೋರು ಮಾಡಿಕೋ ಅನ್ನೂವಲ್ಲಿ ಬಂದಾಗ ಕೈ ಎತ್ತಿ ನಿಲ್ಲಿಸಿದ. ಇದನ್ನ ಯಾರ ಹೇಳ್ಯಾರ ಆಕಿಗೆ ಅಂದ. ಯಾರೂ ಹೇಳಿಲ್ರಿ, ನೀವು ಕಲಸಿದ್ದನ್ನ ಆಕಿ ಮಾತು ಮಾಡ್ಯಾಳ ಅಂದೆ. ಅವರ ಮನಿಯಾಕಿ ಚಹಾ ತಂದಿಟ್ಟಳು, ಅದು ಆರಿತು.

"ಇದು ನಂದ ಢಾಕ್ರಿ, ಅಕ್ಕಾರ" ಅಂದ ಕಡೀಕ. "ನನ್ನ ಬಾಯಾಗ ಇದು ಬಂದಿಲ್ಲ. ಆಕಿ ಬಾಯಾಗ ಬಂದೈತಿ ಅಂದರ ಬರಲಿ. ಹೇಳಲಿ. ಕಣದಾಗ ನಿಂತ ಹೇಳಲಿ, ನಾ ಹೇಳೇನಂತ ಹೇಳ್ರಿ."

ವಸ್ತಾದ ಹೇಳಿದಂಗ ಹೇಳೇನಿ. ಒಂದಕ್ಷರ ಕೂಡಿಸಿಲ್ಲ, ಕಳೆದಿಲ್ಲ.

ಸಂಗವ್ವ

*

೨೨ ಡಿಸೆಂಬರ್ ೨೦೨೪

ದೊಡ್ಡವ್ವ,

ಹೆಸರು ಬಂತು.

ನಿನ್ನ ಪತ್ರ ಬಂದ ಮರುದಿವಸ ನಾನ ಎದ್ದು ನಿಂತು ಮೇಡಂಗೆ, ನಾ ಹೇಳಲೇನು ಅಂತ ಕೇಳಿದೆ. ತಪ್ಪು ಭಾಳ ಆದವು, ಎಡಗೈ ಅನ್ನೂವಲ್ಲಿ ಬಲಗೈ ಅಂದೆ, ಪಾಪ ಎದುರು ನಿಂತಿದ್ದ ತಮಿಳುನಾಡಿನಾಕಿ ಮೂಗಿಗೆ ಪೆಟ್ಟಾತು. ಆದರ ಕಡೀತನಕ ಹೇಳಿದೆ. ಆಕಿ ಜೋರು ನಿನ್ನ ಜೋರು ಅನ್ನೂದು "ಯೂಸ್ ಹರ್ ಪುಶ್" ಅಂತ ಆತು. ಸಣ್ಣದಾತು, ಆದರ ನಿಂತಿತು. ರಜನಿ ಮೇಡಂ ನನ್ನ ಮಾರಿ ನೋಡಿ, ಇಷ್ಟು ದಿವಸ ಎಲ್ಲಿ ಇಟ್ಟಿದ್ದಿ ಇದನ್ನ ಅಂದರು.

ಈಗ ದಿನಾ ಸಂಜೀಕ ನಾ ಮಣಿಪುರದಾಕಿಗೆ ಒಂದು ಪಟ್ಟು ಹೇಳತೇನಿ, ಆಕಿ ನನಗ ಒಂದು ಹೇಳತಾಳ. ಕೈ ಮುಟ್ಟಂಗಿಲ್ಲ. ಬಾಯಿಲೆ ಅಷ್ಟ. ಅವರ ಊರ ಕುಸ್ತಿಯಾಗಿನ ಒಂದು ಪಟ್ಟು ಕಲ್ತೇನಿ, ಬಂದು ಫಕೀರವ್ವಕ್ಕನ ಮ್ಯಾಲ ಹಾಕತೇನಿ.

ಉಮಾ

*

೧೩ ಮಾರ್ಚ್ ೨೦೨೫

ದೊಡ್ಡವ್ವ,

ನಿನ್ನೆ ಪರೀಕ್ಷಾ ಆತು. ಫಲಿತಾಂಶ ಇನ್ನೂ ಬಂದಿಲ್ಲ. ಐತ್ವಾರ ಫೋನಿನ್ಯಾಗ ಹೇಳಬಹುದಿತ್ತು, ಆದರ ಇದು ನಿನಗ ಓದಾಕ ಬೇಕು ಅಂತ ನನಗ ಗೊತ್ತೈತಿ.

ಹೊರಗಿಂದ ಇಬ್ಬರು ಬಂದಿದ್ದರು. ಕೈ ಹಿಂದ ಕಟ್ಟಿಕೊಂಡು ನಿಲ್ಲಬೇಕು, ಮುಟ್ಟಿದರ ಫೇಲು. ಢಾಕ್ ಎಂದೂ ಹಾಕದ ಒಂದು ಹೊಸಾ ಹುಡುಗೀನ ಕರ್ಕೊಂಡ ಬಂದು ನನ್ನ ಮುಂದ ನಿಲ್ಲಿಸಿದರು, ಆಕಿಗೆ ಎದುರಾಳಿ ಇನ್ನೊಬ್ಬಾಕಿ. ಒಡಿಶಾದ ಹುಡುಗಿ ಅಂತ ಆಮ್ಯಾಲ ಗೊತ್ತಾತು. ಆಕಿಗೂ ಇಂಗ್ಲಿಷ್ ಅಷ್ಟಕ್ಕಷ್ಟ. ಇಬ್ಬರೂ ಒಬ್ಬರಿಗೊಬ್ಬರು ಹೆದರಿದಿವಿ.

ಶುರು ಮಾಡಿದೆ. ಕೈ ಆತು. ಕಾಲು ಆತು. ಆಕಿ ನಾ ಅಂದದ್ದನ್ನ ಅಂದಂಗ ಮಾಡತಿದ್ದಳು. ತಿರುವೂ ಆತು. ಸೊಂಟಕ್ಕ ಬಂದಾಗ ಶಬ್ದ ಹೋತು, ದೊಡ್ಡವ್ವ. ಹಿಂದಿನ ಸಂಜಿ ಹತ್ತು ಸಲ ಅಂದ ಶಬ್ದ, ಬಾಯಾಗಿಂದ ಯಾರೋ ಕಸಗೊಂಡ ಹೋದಂಗ. ಆಕಿ ಎದುರಾಳಿ ಕೊರಳು ಹಿಡಕೊಂಡು ನನ್ನ ಮಾರಿ ನೋಡತಾ ನಿಂತಾಳ. ಪರೀಕ್ಷಾದವರು ಪೆನ್ನು ಎತ್ತಿದರು. ನನ್ನ ಬಲಗೈ ಮುಂದ ಹೋಗಾಕ ಜಗ್ಗಾಕತ್ತಿತ್ತು, ಬರೇ ಒಂದ ಬೆರಳು ಮುಟ್ಟಿಸಿದರ ಆಗಿ ಹೋಗತಿತ್ತು. ಎಡಗೈಲೆ ಅದನ್ನ ಹಿಂದ ಗಟ್ಟಿ ಹಿಡದೆ.

ಆಮ್ಯಾಲ ಹೇಳಿದೆ: "ಗಿವ್ ಹರ್ ದ ಪ್ಲೇಸ್ ವೇರ್ ಯು ಕ್ಯಾರಿ ಯುವರ್ ಲಿಟ್ಲ್ ಬ್ರದರ್."

ನಿನ್ನ ತಮ್ಮನ್ನ ಎತ್ತಿಕೊಂಡು ಓಡ್ಯಾಡೂ ಜಾಗಾ ಆಕಿಗೆ ಕೊಡು ಅಂತ. ಆ ಹುಡುಗಿ ಒಂದು ಕ್ಷಣ ನನ್ನ ನೋಡಿ ನಕ್ಕಳು. ಆಕಿ ಸೊಂಟ ತಾನ ಹೊರಗ ಬಂತು, ಮನಿಯಾಗ ಕೂಸು ಎತ್ತಿಕೊಂಡು ಬೆಳದ ಹುಡುಗಿ ಅದು, ನಾವೆಲ್ಲಾ ಬೆಳದಂಗ. ಎದುರಾಳಿ ಅದರ ಮ್ಯಾಲ ಹತ್ತಿದಳು. "ಯೂಸ್ ಹರ್ ಪುಶ್" ಅಂದೆ. ಧಪ್ ಅಂತ ಸಪ್ಪಳ ಬಂತು. ಬಿದ್ದಾಕಿನೂ ನಗತಿದ್ದಳು.

ಪರೀಕ್ಷಾದವರು ಏನ ಬರಕೊಂಡರೋ ಗೊತ್ತಿಲ್ಲ. ಹೊರಗ ಬಂದ ಮ್ಯಾಲ ಆ ಶಬ್ದ ನೆನಪಾತು. ಹಿಪ್. ಆದರ ಹಿಪ್ ಅಂದಿದ್ದರ ಆಕಿ ಅಷ್ಟು ಛಲೋ ಕೊಡತಿರಲಿಲ್ಲ ಅನಸತೈತಿ.

ಉಮಾ

*

ಧಾರವಾಡ
೨೪ ಮಾರ್ಚ್ ೨೦೨೫

ಉಮಾ,

ನಿನ್ನೆ ಫೋನಿನ್ಯಾಗ "ಪಾಸಾದೆ" ಅಂದಿ, ಅಷ್ಟರಾಗ ಗಂಟಿ ಬಾರಿಸಿತು. ಹೇಳೂದು ಉಳದದ್ದನ್ನ ಈಗ ಹೇಳತೇನಿ. ನೀ ಹೊಂಡೂದ್ರಾಗ ಈ ಪತ್ರ ಮುಟ್ಟಲಿ ಅಂತ ಸ್ಪೀಡ್ ಪೋಸ್ಟ್ ಮಾಡತೇನಿ.

ಇವತ್ತು ಮುಂಜಾನೆ ಹೆಬ್ಬಳ್ಳಿಗೆ ಹೋಗಿ ಬಂದೆ. ನಿನ್ನ ಹದಿಮೂರನೇ ತಾರೀಖಿನ ಪತ್ರಾನೂ ಒಯ್ದಿದ್ದೆ. ಅವ್ವಗ ಹೇಳಬ್ಯಾಡ ಅಂದಿದ್ದನ್ನೆಲ್ಲಾ ಈಗ ಹೇಳಿದೆ. ತಮ್ಮನ್ನ ಎತ್ತಿಕೊಳ್ಳೂ ಜಾಗಾ ಅನ್ನೂದು ಓದಿದಾಗ ದಾಕ್ಷಾಯಿಣಿ ಸೆರಗಿನ್ಯಾಗ ಮಾರಿ ಮುಚ್ಚಿಕೊಂಡಳು. ನಗಾಕತ್ತಿದ್ದಳೋ ಅಳಾಕತ್ತಿದ್ದಳೋ ನೋಡಾಕ ಹೋಗಲಿಲ್ಲ. ಶಿವಯೋಗೀಶ ಅಲ್ಲೇ ಬಂದಿದ್ದ. ಆಡಿದ ಮಾತಿನಂಗ ನಡಕೊಂಡಾನ, ಅದನ್ನ ಹೇಳಬೇಕು: ಯುಗಾದಿ ಮರುದಿವಸದಿಂದ ಮುಂಜಾನಿ ಹೊತ್ತು ಗರಡಿ ಹುಡುಗಿಯರದು. ಮಣ್ಣು ಈಗಾಗಲೇ ಅಗಿಸ್ಯಾರ. ಹುಡುಗಿಯರು ಮನಿ ಮನಿಯಿಂದ ಮಜ್ಜಿಗಿ ತಂದು ಸುರದಾರ, ಒಬ್ಬಾಕಿ ಅವ್ವನ್ನ ಕೇಳದ ಗಡಿಗಿ ಸಮೇತ ತಂದಾಳ.

ನಾ ಈ ಖಾನಾವಳಿಯೊಳಗ ಎಷ್ಟೋ ಮಂದಿ ಕಲ್ತವರನ್ನ ನೋಡೇನಿ. ಇಂಗ್ಲಿಷ್ ನೀರಿನಂಗ ಆಡೂವ್ರನ್ನ ಕಂಡೇನಿ, ಅವರ ಮ್ಯಾಲ ನನಗ ಪ್ರೀತಿನೂ ಐತಿ. ಆದರ ಶಬ್ದ ಕೈಬಿಟ್ಟಾಗ ಕೈ ಹಿಂದ ಹಿಡಕೊಂಡು ನಿಂತು, ತನ್ನ ಮನಿಯೊಳಗಿಂದ ಮತ್ತೊಂದು ಮಾತು ತಂದು ಮುಂದಿಟ್ಟಾಕಿನ್ನ ನಾ ಕಂಡಿಲ್ಲ. ನಾ ನಿನಗ ಕಲಿಸಿದೆ ಅಂತ ಫಕೀರವ್ವ ಎಲ್ಲಾರ ಮುಂದ ಹೇಳಾಕತ್ತಾಳ. ನಾ ಬರೇ ಕೇಳಿದೆ. ಹೇಳಿದಾಕಿ ನೀನು.

ಇನ್ನ ವಸ್ತಾದನ ಸುದ್ದಿ. ನಿನ್ನ ಪತ್ರ ಅವಗೂ ಓದಿದೆ. ಕೇಳಿ ತಲಿ ಆಡಿಸಿದ, ಅಷ್ಟ. ಯುಗಾದಿ ಮರುದಿವಸ ಕಣದ ಅಂಚಿಗೆ ಮೊದಲಿನಂಗ ನಿಮ್ಮ ಕುಂಡ್ರೂ ಮಣಿ ಹಾಕಸತೇವ್ರಿ ಅಂತ ಶಿವಯೋಗೀಶ ಅಂದ. ಅದಕ್ಕ ವಸ್ತಾದ ಬ್ಯಾಡ ಅಂದ.

"ನಾ ಒಳಗ ಬರೂದಿಲ್ರಿ. ನನ್ನ ನೋಡಿದರ ಆಕಿ ಬಾಯಿ ಮತ್ತ ಕಟ್ಟೀತು. ಹಿಂದಿನ ಕಟ್ಟಿ ಮ್ಯಾಲ ಕುಂಡ್ರತೇನಿ, ಗ್ವಾಡಿ ಆಚೆ. ಕಣ್ಣು ಹೋಗ್ಯಾವ, ಕಿವಿ ಛಲೋ ಅದಾವ."

ಇದನ್ನ ನಿನಗ ಹೇಳಬ್ಯಾಡ್ರಿ ಅಂತ ನನ್ನ ಕಡಿಂದ ಮಾತು ತಗೊಂಡಾನ. ಆದರೂ ಹೇಳಾಕತ್ತೇನಿ, ಯಾಕಂದರ ಅವತ್ತು ನೀ ಸಣ್ಣ ದನಿಯಾಗ ಮಾತಾಡಬಾರದು. ಆ ಗ್ವಾಡಿ ಭಾಳ ದಪ್ಪ ಐತಿ, ಯವ್ವಾ.

ದಾರಿ ನೋಡೂ
ದೊಡ್ಡವ್ವ ಸಂಗವ್ವ